ತಗ್ಗಿಸಿದ ಕಾರು ಮತ್ತು ಹಿಂದಿನ ಆಸನ

ಮನೆಗೊಂದು ಕಾರು ಬರುವುದು ನಮ್ಮ ಸೀಮೆಯಲ್ಲಿ ಈಗ ವಿಶೇಷ ಸಂಗತಿಯಾಗಿ ಉಳಿದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಯಾವ ಮದುವೆಗೆ ಹೋದರೂ ಕಲ್ಯಾಣ ಮಂಟಪದ ಮುಂದೆ ನಿಂತ ಕಾರುಗಳಲ್ಲಿ ಒಂದೆರಡಾದರೂ ನೆಲಕ್ಕೆ ಕುಳಿತಂತೆ ತಗ್ಗಿಸಿದವು ಕಣ್ಣಿಗೆ ಬೀಳುತ್ತವೆ. ತರುಣರ ಕಣ್ಣಿಗೆ ಅದು ಅಂದ. ಹಿರಿಯರ ಸೊಂಟಕ್ಕೆ ಸಂಕಟ. ಆ ಅಂದವನ್ನು ಹಳಿಯುವುದಕ್ಕಾಗಿ ನಾನಿದನ್ನು ಬರೆಯುತ್ತಿಲ್ಲ. ಅಂಥ ಕಾರೊಂದಕ್ಕೆ ತಕ್ಕ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಆರಿಸುವ ಹೊಣೆ ನಮ್ಮ ಕುಟುಂಬಕ್ಕೆ ಒದಗಿದಾಗ ತಿಳಿದುಕೊಂಡ ಕೆಲವು ಸಂಗತಿಗಳನ್ನು ಓದುಗರ ಮುಂದಿಡುವುದಷ್ಟೇ ನನ್ನ ಉದ್ದೇಶ.

ನನ್ನ ಅಕ್ಕ ಕೃಷ್ಣರಾಜಪೇಟೆಗೆ ಸಮೀಪದ ಹಳ್ಳಿಯಲ್ಲಿದ್ದಾಳೆ. ಮೂತ್ರಪಿಂಡಗಳ ತೊಂದರೆಯಿಂದಾಗಿ ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆಂದು ಮೈಸೂರಿಗೆ ಹೋಗಿಬರಬೇಕು. ತಾಯಿಗೆ ಅನುಕೂಲವಾಗಲೆಂದೇ ಅವಳ ಮಗ ಹಳೆಯದೊಂದು ಸಣ್ಣ ಕಾರನ್ನು ಕೊಂಡನು. ಮೊದಲಿನ ಮಾಲೀಕರು ಅದರ ಸ್ಪ್ರಿಂಗುಗಳನ್ನು ಕತ್ತರಿಸಿ ತಗ್ಗಿಸಿದ್ದರು. ಅಳಿಯನಿಗೆ ಆ ನಿಲುವು ಬಹಳ ಮೆಚ್ಚುಗೆಯಾಗಿತ್ತು. "ಮಾವ, ತಿರುವಿನಲ್ಲಿ ಒಂಚೂರೂ ವಾಲುವುದಿಲ್ಲ, ನೆಲ ಕಚ್ಚಿಕೊಂಡು ಹೋಗುತ್ತೆ" ಎನ್ನುತ್ತಿದ್ದನು. ಅಕ್ಕ ಅವನೆದುರು ಏನೂ ಆಡಲಿಲ್ಲ. ನನ್ನೊಬ್ಬನ ಬಳಿ ಮಾತ್ರ, "ಇನ್ನು ಮೇಲೆ ಬಸ್ಸಿಗೇ ಹೋಗ್ತೀನಿ ಕಣಪ್ಪ, ಅವನಿಗೆ ನೋವಾಗದ ಹಾಗೆ ನೀನೇ ಹೇಳು" ಎಂದಳು. ಚಿಕಿತ್ಸೆ ಮುಗಿಸಿ ಬಳಲಿ ಬರುವ ಜೀವಕ್ಕೆ ಪ್ರತಿ ಉಬ್ಬಿನಲ್ಲೂ ಬೆನ್ನಿಗೆ ಗುದ್ದು ಬೀಳುತ್ತಿತ್ತು. ತಾಯಿಗಾಗಿ ಕೊಂಡ ಕಾರಿನಲ್ಲಿ ತಾಯಿಯೇ ಕೂರಲಾರದಂತಾದುದನ್ನು ನಾನು ಅಳಿಯನಿಗೆ ಮುಚ್ಚಿಡಲಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಏನು ಹಾಕಿಸಬೇಕೋ ವಿಚಾರಿಸೋಣ ನಡೀರಿ" ಎಂದನು.

ಶ್ರೀರಂಗಪಟ್ಟಣದ ವೃದ್ಧ ಮೇಸ್ತ್ರಿಯೊಬ್ಬರು ನಮಗೆ ಮೊದಲ ಪಾಠ ಹೇಳಿದರು. ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗು. ಶಾಕ್ ಅಬ್ಸಾರ್ಬರ್ ಭಾರವನ್ನು ಹೊರುವುದಿಲ್ಲ. ಅದುಮಿದ ಸ್ಪ್ರಿಂಗು ಮತ್ತೆ ಮತ್ತೆ ಪುಟಿಯದಂತೆ ತಡೆಯುವುದೇ ಅದರ ಕೆಲಸ. ಒಳಗಿನ ಎಣ್ಣೆ ಕಿರಿದಾದ ರಂಧ್ರಗಳಲ್ಲಿ ಹಾಯುವಾಗ ಕುಲುಕಾಟದ ಶಕ್ತಿಯು ಶಾಖವಾಗಿ ಕರಗುತ್ತದೆ. ಎರಡೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಸ್ಪ್ರಿಂಗಿನ ಸುರುಳಿಯನ್ನು ಕತ್ತರಿಸಿದರೆ ಅದು ಗಿಡ್ಡವಾಗುವುದಷ್ಟೇ ಅಲ್ಲ, ಮೊದಲಿಗಿಂತ ಬಿರುಸೂ ಆಗುತ್ತದೆ. ಹಳೆಯ ಶಾಕ್ ಅಬ್ಸಾರ್ಬರ್ ಆ ಬಿರುಸನ್ನು ಹಿಡಿದು ನಿಲ್ಲಿಸಲಾರದು. ಚಕ್ರ ಮೇಲೇರಲು ಇರುವ ಅವಕಾಶವೂ ಕುಗ್ಗುವುದರಿಂದ, ಕೊನೆಯಲ್ಲಿರುವ ರಬ್ಬರಿನ ತಡೆಗೆ ಬಡಿದು, ಆ ಪೆಟ್ಟು ನೇರವಾಗಿ ಆಸನಕ್ಕೆ ಬರುತ್ತದೆ. ಹಿಂದಿನ ಚಕ್ರಗಳಿಗೆ ಹತ್ತಿರ ಕುಳಿತವರಿಗೆ ಅದು ಹೆಚ್ಚು. ಇನ್ನು ಚಕ್ರ ಪೂರ್ಣವಾಗಿ ಕೆಳಗಿಳಿದಾಗ ಕತ್ತರಿಸಿದ ಸ್ಪ್ರಿಂಗು ತನ್ನ ಜಾಗದಿಂದ ಸರಿಯುವ ಅಪಾಯವೂ ಉಂಟು.

ಅನಂತರ ನಾವು ಟೇಪು ಹಿಡಿದು ಅಳೆದೆವು. ನಮ್ಮ ದೇಶದ ಸಣ್ಣ ಕಾರುಗಳ ತಳಕ್ಕೂ ನೆಲಕ್ಕೂ ಸಾಮಾನ್ಯವಾಗಿ 160ರಿಂದ 170 ಮಿ.ಮೀ. ಅಂತರವಿರುತ್ತದೆ. ಈ ಕಾರಿನಲ್ಲಿ ಖಾಲಿಯಿದ್ದಾಗ ಉಳಿದಿದ್ದುದು 125. ಐವರು ಕುಳಿತು ಚೀಲಗಳನ್ನಿಟ್ಟಾಗ 95. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ರಸ್ತೆಯುಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲವಿರಬೇಕು. ಅಷ್ಟು ಅಗಲವಿದ್ದರೆ ಚಕ್ರಗಳೂ ಉಬ್ಬಿನ ಮೇಲೆಯೇ ಏರಿರುತ್ತವೆಯಾದ್ದರಿಂದ ಸಣ್ಣ ಕಾರಿನ ಹೊಟ್ಟೆಯತ್ತ ಚಾಚುವುದು ಸುಮಾರು 4 ಸೆಂ.ಮೀ. ಮಾತ್ರ. ಆದರೆ ಊರವರೇ ಮಣ್ಣು, ಕಲ್ಲು, ಸಿಮೆಂಟಿನಿಂದ ಕಟ್ಟಿದ ಉಬ್ಬುಗಳು ಗೋಣು ಚಾಚಿದ ದಿಣ್ಣೆಗಳಂತಿರುತ್ತವೆ. ಅವುಗಳ ಎತ್ತರವೆಲ್ಲವೂ ಕಾರಿನ ಹೊಟ್ಟೆಗೇ ತಾಗುತ್ತದೆ.

ನಮ್ಮ ರಸ್ತೆಗಳಲ್ಲಿ ಉಬ್ಬುಗಳಷ್ಟೇ ಇಲ್ಲ. ಕಬ್ಬು ಕಡಿಯುವ ಕಾಲದಲ್ಲಿ ಭಾರದ ಟ್ರ್ಯಾಕ್ಟರ್ ಟ್ರೇಲರುಗಳು ಓಡಾಡಿ ಹಳ್ಳಿಯ ದಾರಿಗಳಲ್ಲಿ ಚಕ್ರದ ಜಾಡು ಆಳವಾಗಿ, ನಡುವೆ ಮಣ್ಣು ಏರಿ ನಿಲ್ಲುತ್ತದೆ. ಸುಗ್ಗಿಯಲ್ಲಿ ನಾಗಮಂಗಲ, ಪಾಂಡವಪುರದ ಕಡೆ ರಾಗಿ, ಹುರುಳಿಯನ್ನು ಒಕ್ಕಣೆಗೆಂದು ರಸ್ತೆಯ ಮೇಲೆಯೇ ಹರಡುತ್ತಾರೆ. ಹುರುಳಿಯ ಬಳ್ಳಿ ತಗ್ಗಿದ ಕಾರಿನ ತಳಕ್ಕೆ ಸುತ್ತಿಕೊಂಡು, ಕಾದ ಹೊಗೆಕೊಳವೆಗೆ ತಗುಲಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು.

ಮಾರುಕಟ್ಟೆಯಲ್ಲಿ ಆಯ್ಕೆಗಳು ಹಲವು. ತಗ್ಗಿಸುವುದಕ್ಕೆಂದೇ ತಯಾರಿಸಿದ ಗಿಡ್ಡ ಸ್ಪ್ರಿಂಗು ಮೊದಲನೆಯದು. ಇದು ಕತ್ತರಿಸಿದ್ದಕ್ಕಿಂತ ಮೇಲಾದರೂ ಹಳೆಯ ಶಾಕ್ ಅಬ್ಸಾರ್ಬರಿನ ಜೊತೆ ಹಾಕಿದರೆ ಅದು ಬೇಗ ಸವೆಯುತ್ತದೆ. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರನ್ನು ಒಂದಕ್ಕೊಂದು ಹೊಂದಿಸಿ ಮಾರುವ ಜೋಡಿ ಎರಡನೆಯದು. ಎತ್ತರವನ್ನು ತಿರುಪಿನಿಂದ ಹೆಚ್ಚು ಕಡಿಮೆ ಮಾಡಬಹುದಾದ ಕಾಯಿಲ್‌ಓವರ್ ಮೂರನೆಯದು. ಇದು ದುಬಾರಿ, ಧೂಳು ಕೆಸರುಗಳ ದಾರಿಯಲ್ಲಿ ಅದರ ತಿರುಪಿನ ಸುತ್ತುಗಳನ್ನು ಆಗಾಗ ಶುಚಿಗೊಳಿಸುತ್ತಿರಬೇಕು. ಮೂಲ ಎತ್ತರದ ಸ್ಪ್ರಿಂಗನ್ನೇ ಉಳಿಸಿಕೊಂಡು ಗ್ಯಾಸ್ ತುಂಬಿದ ಉತ್ತಮ ಶಾಕ್ ಅಬ್ಸಾರ್ಬರನ್ನು ಮಾತ್ರ ಹಾಕಿಸುವುದು ನಾಲ್ಕನೆಯದು. ಇವುಗಳಲ್ಲಿ ಯಾವುದನ್ನು ಹಾಕಿಸಿದರೂ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ತಗ್ಗಿಸಿದ ಕಾರಿನಲ್ಲಿ ಚಕ್ರಗಳು ಒಳಕ್ಕೆ ವಾಲಿ ಟೈರಿನ ಒಳಅಂಚು ಮೊದಲು ಸವೆಯುತ್ತದೆ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ತಯಾರಕರು ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಮಿತಿ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಮಿತಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಾಗಿದೆ. ಆದುದರಿಂದ ಹಣ ಕೊಡುವುದಕ್ಕೆ ಮೊದಲೇ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸಿಕೊಳ್ಳುವುದು ಲೇಸು.

ಅಳಿಯನು ಎರಡು ವಾರ ಯೋಚಿಸಿದನು. ಅವನಿಗೆ ನಿಜವಾಗಿ ಬೇಕಾದುದೇನೆಂದು ಕೇಳಿದಾಗ, ಮೇಲುಕೋಟೆಯ ಬೆಟ್ಟದ ತಿರುವುಗಳಲ್ಲಿ ಕಾರು ಹೊಯ್ದಾಡಬಾರದು ಎಂಬುದೇ ಅವನ ಮುಖ್ಯ ಆಸೆಯೆಂದು ತಿಳಿಯಿತು. ಮೇಸ್ತ್ರಿಗಳು ನಕ್ಕು, "ಹೊಯ್ದಾಟವನ್ನು ಹಿಡಿಯೋದು ಶಾಕ್ ಅಬ್ಸಾರ್ಬರು ಮಗಾ, ತಗ್ಗಲ್ಲ" ಎಂದರು. ಅವನು ನಾಲ್ಕನೆಯದನ್ನೇ ಆರಿಸಿ, ಕತ್ತರಿಸಿದ ಸ್ಪ್ರಿಂಗುಗಳನ್ನು ಗುಜರಿಗೆ ಹಾಕಿದನು. ತಿರುವಿನಲ್ಲಿ ಕಾರು ಈಗಲೂ ಸ್ವಲ್ಪ ವಾಲುತ್ತದೆ. ಆದರೆ ನಿಧಾನವಾಗಿ ವಾಲಿ, ಒಮ್ಮೆಗೇ ನೇರವಾಗುತ್ತದೆ. ಮೊದಲಿನ ನಿಲುವು ಹೋಯಿತೆಂಬ ಸಣ್ಣ ಕೊರಗು ಅವನಲ್ಲಿ ಉಳಿದಿದೆ, ಇಲ್ಲವೆನ್ನಲಾರೆ. ಅಕ್ಕನ ಬಾಯಿಂದ ಬಸ್ಸಿನ ಮಾತು ಮತ್ತೆ ಬರಲಿಲ್ಲ. ಪಾಂಡವಪುರ ದಾಟುವ ಹೊತ್ತಿಗೆ ಅವಳಿಗೆ ನಿದ್ರೆ ಹತ್ತಿರುತ್ತದೆಯಂತೆ.

ತಗ್ಗಿಸಲೇಬೇಕೆನ್ನುವ ಮಕ್ಕಳಿರುವ ಮನೆಯವರಿಗೆ ನನ್ನದೊಂದು ಸೂಚನೆ. ಬಯ್ಯುವುದಕ್ಕಿಂತ ಅಳೆಯುವುದು ಮೇಲು. ಖಾಲಿ ಕಾರನ್ನು ಅಂಗಳದಲ್ಲಿ ನಿಲ್ಲಿಸಿ ನೋಡಿ ಬಿಡಿಭಾಗಗಳನ್ನು ಆರಿಸದಿರಲಿ. ಮನೆಮಂದಿಯನ್ನೆಲ್ಲ ಕೂರಿಸಿ, ನಿತ್ಯ ಹೋಗುವ ದಾರಿಯ ಅತಿ ಕೆಟ್ಟ ಉಬ್ಬನ್ನು ಲೆಕ್ಕಕ್ಕೆ ಹಿಡಿದು, ಆಮೇಲೆ ನಿರ್ಧರಿಸಲಿ. ಚಾಲಕನ ಆಸನದಲ್ಲಿ ಕುಳಿತವನು ಒಮ್ಮೆ ತಾನೇ ಹಿಂದಿನ ಆಸನಕ್ಕೆ ಬಂದು ಹತ್ತು ಮೈಲಿ ಪ್ರಯಾಣ ಮಾಡಲಿ. ಬಾಯಿ ಬಿಟ್ಟು ಹೇಳಲಾರದವರ ನೋವು ಅಲ್ಲಿ ಕುಳಿತಾಗ ಅವನಿಗೂ ತಿಳಿಯುತ್ತದೆ.