ಪಟ್ಟಿಯಲ್ಲಿಲ್ಲದವಳು

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದೊಡನೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳನ್ನು ಶೇಕಡಾ ಲೆಕ್ಕದಲ್ಲಿ ತೂಗುವುದು ನಮ್ಮೂರ ಅರಳಿಕಟ್ಟೆಯ ಪದ್ಧತಿ. ಆ ತಕ್ಕಡಿಯಲ್ಲಿ ನನಗೆ ನಂಬಿಕೆ ಸಾಲದು. 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡಾ 83.89, 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾದ ಕಾವಲು ಬಂದಿತು, ಕೃಪಾಂಕ ಹೆಚ್ಚಿಸಿದರೂ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳೆಲ್ಲ ದಡ್ಡರಾದರೆಂದು ಯಾರು ತಾನೆ ನಂಬುತ್ತಾರೆ?

ನಾನು ಕೇಳುವುದು ಬೇರೆ: ಎಂಟನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತನೆಯದರ ಪರೀಕ್ಷೆಗೆ ಕುಳಿತರು? 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಆಸರೆ 14 ವರ್ಷಕ್ಕೆ ಮುಗಿಯುತ್ತದೆ. ನಮ್ಮ ಬೀದಿಯ ಹುಡುಗಿಯೊಬ್ಬಳು, ಸಂಜೆ ಬಸ್ಸಿಲ್ಲವೆಂದು, ಒಂಬತ್ತನೆಯ ತರಗತಿಯಲ್ಲೇ ಶಾಲೆ ಬಿಟ್ಟಳು. ಮರುವರ್ಷ ಆ ಶಾಲೆಗೆ ನೂರಕ್ಕೆ ನೂರು ಬಂದಿತು, ಕಟ್ಟೆಯವರು ಹೊಗಳಿದರು. ನಪಾಸಾದವರ ಪಟ್ಟಿಯಲ್ಲಿಯೂ ಅವಳಿಗೆ ಜಾಗವಿರಲಿಲ್ಲ.