ಆಳಿನ ಲೆಕ್ಕದ ನೋಟ್‌ಬುಕ್ಕು, ಹೊಸ ಕೂಲಿ ಕಾನೂನು

ಈ ಸಲ ರಾಗಿ ಇಳುವರಿ, ಬೆಂಕಿರೋಗದ ವಿಷಯ ಅಲ್ಲ, ರಾಗಿ ಕೊಯ್ಯೋರ ವಿಷಯ ಬರೀತಾ ಇದೀನಿ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 29 ಹಳೇ ಕಾಯ್ದೆಗಳನ್ನ ಸೇರಿಸಿ ನಾಲ್ಕು ಮಾಡಿದಾರೆ. ನಮ್ಮ ಡೇರಿ ಹತ್ರ ಮಾತು ಬಂದಾಗ "ಅದೆಲ್ಲ ಫ್ಯಾಕ್ಟರಿಯವರಿಗೆ, ನಮಗೇನು" ಅಂದವರೇ ಜಾಸ್ತಿ. ಆದ್ರೆ ಕೂಲಿ ಕೊಟ್ಟು ಒಬ್ಬರನ್ನ ಹೊಲಕ್ಕೆ ಕರೆದ್ರೆ ಕಾನೂನಿನ ಪ್ರಕಾರ ನಾವೂ ಮಾಲೀಕರೇ. ಇದು ಹೊಸದೂ ಅಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಬೇಸಾಯದ ಕೂಲಿ ಸೇರಿತ್ತು. ಮುಯ್ಯಾಳಿನ ಲೆಕ್ಕ ಬೇರೆ, ಅಲ್ಲಿ ಕೂಲಿ ಇಲ್ಲ.

ನಮ್ಮ ಅಕ್ಕನ ಮಗ ವಕೀಲ. ಭಾನುವಾರ ಬಂದಾಗ ಕೂರಿಸಿಕೊಂಡು 2019ರ ವೇತನ ಸಂಹಿತೆ ಓದಿಸಿದೆ. ನಮಗೆ ಬೇಕಾದ್ದು ನಾಲ್ಕೇ ಮಾತು.

ಮೊದಲನೇದು ಲೆಕ್ಕ. ಬೇಸಾಯಕ್ಕೆ ಐದು ಜನರವರೆಗೆ ಆಳು ಇಟ್ಟುಕೊಂಡವರಿಗೆ ರಿಜಿಸ್ಟರು, ವೇತನ ಚೀಟಿ ಯಾವುದೂ ಬೇಡ ಅಂತ ರಿಯಾಯಿತಿ ಕೊಟ್ಟಿದಾರೆ. ಓದಿ ಸಮಾಧಾನ ಆಯ್ತು. ಆದ್ರೆ ಅದರ ಕೆಳಗೇ ಇನ್ನೊಂದು ಸಾಲಿದೆ: ಇನ್‌ಸ್ಪೆಕ್ಟರ್ ಕೇಳಿದ್ರೆ ಕೂಲಿ ಕೊಟ್ಟಿದ್ದಕ್ಕೆ ತಕ್ಕ ಪುರಾವೆ ತೋರಿಸಬೇಕು. ಕೂಲಿ ಬಂದಿಲ್ಲ ಅಂತ ಯಾರಾದ್ರೂ ಅರ್ಜಿ ಕೊಟ್ರೆ, ಕೊಟ್ಟಿದೀನಿ ಅಂತ ಸಾಬೀತು ಮಾಡೋ ಹೊಣೆ ನಮ್ಮದೇ. ಮೂರು ವರ್ಷದ ತನಕ ಅರ್ಜಿ ಕೊಡಬಹುದು. ಮೂರು ವರ್ಷದ ಹಿಂದೆ ಯಾವ ಸೋಮವಾರ ಯಾರು ಕಳೆ ತೆಗೆದ್ರು ಅಂತ ನಮಗಾದ್ರೂ ಎಲ್ಲಿ ನೆನಪಿರುತ್ತೆ? ಅಲ್ಲದೆ ಕೊಯ್ಲಿನ ದಿನ ಐದು ಜನಕ್ಕೆ ನಿಲ್ಲೋದಿಲ್ಲ, ಏಳೆಂಟು ಆಗ್ತಾರೆ. ಆವಾಗ ರಿಯಾಯಿತಿಯೂ ಇಲ್ಲ.

ಅದಕ್ಕೆ ನಾನು ಇಟ್ಟಿರೋದು ಒಂದು ಸಾದಾ ನೋಟ್‌ಬುಕ್ಕು. ತಾರೀಖು, ಹೆಸರು, ಕೆಲಸ, ಕೊಟ್ಟ ಹಣ, ಪಕ್ಕದಲ್ಲಿ ಸಹಿ ಇಲ್ಲ ಹೆಬ್ಬೆಟ್ಟು. ಫೋನ್‌ಪೇ ಇರೋರಿಗೆ ಅದರಲ್ಲೇ ಹಾಕ್ತೀನಿ, ಅದೇ ಪುರಾವೆ. ದಿನಗೂಲಿ ಅಂದ್ರೆ ಅವತ್ತು ಸಂಜೆ ಕೆಲಸ ಬಿಡೋ ಹೊತ್ತಿಗೇ ಕೊಡಬೇಕು. ವಾರದ ಲೆಕ್ಕ ಅಂತ ಮೊದಲೇ ಮಾತಾಡಿದ್ರೆ ವಾರದ ಕೊನೇ ಕೆಲಸದ ದಿನ ಚುಕ್ತಾ ಆಗಬೇಕು.

ಎರಡನೇದು ಹೆಣ್ಣಾಳು ಗಂಡಾಳಿನ ಕೂಲಿ. ಇಲ್ಲೇ ಊರಲ್ಲಿ ಮಾತಾಗಿದ್ದು. ನಮ್ಮ ಕಡೆ ಇಬ್ಬರ ಕೂಲಿಗೂ 200 ರೂಪಾಯಿ ವ್ಯತ್ಯಾಸ ಇದೆ. ಈ ಸಲ ರಾಗಿ ಕೊಯ್ಲಿಗೆ ಕರೆಯೋಕೆ ಹೋದಾಗ ಒಬ್ಬ ಹೆಣ್ಣುಮಗಳು ಕೇಳಿದಳು: "ಅಣ್ಣಾ, ಕುಯ್ಯೋದು ಅವ್ರೂ ಅಷ್ಟೇ, ನಾವೂ ಅಷ್ಟೇ. ನಮಗ್ಯಾಕೆ ಕಮ್ಮಿ?" ಒಂದೇ ಥರದ ಕೆಲಸಕ್ಕೆ ಒಂದೇ ಕೂಲಿ ಅಂತ 1976ರಲ್ಲೇ ಕಾಯ್ದೆ ಆಗಿತ್ತು, ಹೊಸ ಸಂಹಿತೆಯಲ್ಲೂ ಹಾಗೇ ಇದೆ. ಕೊಡಬೇಕಾದ್ದಕ್ಕಿಂತ ಕಮ್ಮಿ ಕೊಟ್ರೆ 50,000 ರೂಪಾಯಿವರೆಗೆ ದಂಡ. ಗಂಡಸರ ಕೂಲಿ ಇಳಿಸಿ ಸಮ ಮಾಡಂಗೂ ಇಲ್ಲ.

ನನ್ನದು ಒಂದೂವರೆ ಎಕರೆ ರಾಗಿ. ಐದು ಹೆಣ್ಣಾಳು, ಮೂರು ಗಂಡಾಳು, ಎರಡು ದಿನ. ಕೊಯ್ಯೋಕೆ ಎಲ್ಲರಿಗೂ ಒಂದೇ ಕೂಲಿ ಕೊಟ್ಟೆ. ಹೊರೆ ಹೊತ್ತು ಮೆದೆ ಒಟ್ಟೋದು ಬೇರೆ ಕೆಲಸ, ಅದಕ್ಕೆ ಬೇರೆ ಮಾತಾಡಿದೆ. ನನಗೆ ಜಾಸ್ತಿ ಬಿದ್ದಿದ್ದು 2,000 ರೂಪಾಯಿ. ಬೆಂಬಲ ಬೆಲೆ ಕ್ವಿಂಟಲಿಗೆ 4,886 ಇರುವಾಗ ಅರ್ಧ ಕ್ವಿಂಟಲ್ ರಾಗಿಯೂ ಅಲ್ಲ.

ಮಾರನೇ ದಿನ ಪಕ್ಕದ ಹೊಲದ ಅಣ್ಣ ಬದುವಿನ ಮೇಲೆ ನಿಂತು ಹೇಳಿದ್ರು: "ನೋಡಪ್ಪಾ, ನೀನು ಊರಿನ ರೇಟು ಕೆಡಿಸ್ತಾ ಇದೀಯ. ನಿಂದು ಒಂದೂವರೆ ಎಕರೆ, ನಂದು ಐದು. ನಾನೆಲ್ಲಿಂದ ತರಲಿ?" ಅವರ ಕಷ್ಟ ಸುಳ್ಳಲ್ಲ. ಗೊಬ್ಬರದಿಂದ ಹಿಡಿದು ಡೀಸೆಲ್‌ವರೆಗೆ ಎಲ್ಲದಕ್ಕೂ ಹೇಳಿದ ಬೆಲೆ ಕೊಡ್ತೀವಿ, ನಮ್ಮ ಕೈಯಲ್ಲಿ ಹಿಡಿಯೋಕೆ ಆಗೋದು ಕೂಲಿ ಒಂದೇ. ನಾನು ಇಷ್ಟೇ ಅಂದೆ: "ಅಣ್ಣಾ, ಕೂಲಿ ಹಿಡಿದ್ರೆ ಅವರು ಗಾರ್ಮೆಂಟ್ಸ್ ಬಸ್ ಹತ್ತುತಾರೆ. ಆಮೇಲೆ ನಿಮ್ಮ ಐದೆಕರೆಗೆ ಯಾರು ಬರ್ತಾರೆ?" ಅವರು ಒಪ್ಪಲಿಲ್ಲ, ಬೀಡಿ ಹಚ್ಚಿಕೊಂಡು ಹೋದ್ರು. ಈಗಲೂ ಮಾತು ಸ್ವಲ್ಪ ಬಿಗಿಯಾಗೇ ಇದೆ.

ಮೂರನೇದು ಮುಂಗಡ. ಮುಂಗಡ ಕೊಡೋದು ತಪ್ಪಲ್ಲ, ಬರೆದಿಟ್ಟುಕೊಳ್ಳಿ. ಆದ್ರೆ ಎಲ್ಲಾ ಕಡಿತ ಸೇರಿ ಕೂಲಿಯ ಅರ್ಧ ಮೀರಬಾರದು. "ಮುಂಗಡ ತೀರೋವರೆಗೂ ಬೇರೆಯವರ ಹೊಲಕ್ಕೆ ಹೋಗಂಗಿಲ್ಲ" ಅಂತ ತಡೆದ್ರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇನ್ನೂ ಇದೆ, ಮೂರು ವರ್ಷದವರೆಗೆ ಜೈಲು. ಹಾಗೇ, ಆಳಿನ ಜೊತೆ ಬರೋ 14 ವರ್ಷದೊಳಗಿನ ಮಕ್ಕಳನ್ನ ಕೆಲಸಕ್ಕೆ ಹಚ್ಚಬೇಡಿ.

ನಾಲ್ಕನೇದು ಅಪಘಾತ, ಇದು ನನಗೆ ನಿದ್ದೆ ಕೆಡಿಸೋ ವಿಷಯ. ಟ್ರ್ಯಾಕ್ಟರ್ ಬೇಸಾಯ, ಔಷಧಿ ಸಿಂಪಡಣೆ, ಯಂತ್ರದ ಒಕ್ಕಣೆ ಇವೆಲ್ಲ ಹಳೇ ಪರಿಹಾರ ಕಾಯ್ದೆಯ ಪಟ್ಟಿಯಲ್ಲೇ ಇದ್ದವು, ಈಗ ಸಾಮಾಜಿಕ ಭದ್ರತಾ ಸಂಹಿತೆಗೆ ಬಂದಿವೆ. ಕೆಲಸದಲ್ಲಿ ಕೈ ಹೋದ್ರೆ, ಜೀವ ಹೋದ್ರೆ ಪರಿಹಾರದ ಹೊಣೆ ಮಾಲೀಕನದು, ಅದೂ ಲಕ್ಷದ ಲೆಕ್ಕದಲ್ಲಿ. ನಮ್ಮ ಕೈಲಿ ಆಗೋ ಮಾತಲ್ಲ. ಒಕ್ಕಣೆ ಯಂತ್ರದ ಹತ್ರ ಸೆರಗು ಬಿಟ್ಟುಕೊಂಡು ನಿಲ್ಲೋಕೆ ಬಿಡಬೇಡಿ. ಔಷಧಿ ಹೊಡೆಯೋರಿಗೆ ಕೈಗವಸು, ಮಾಸ್ಕ್ ಕೊಡಿ, ಗಾಳಿಗೆ ಎದುರು ಹೊಡೆಸಬೇಡಿ.

ಕಾಯಂ ಬರೋ ಆಳುಗಳಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. 18ರಿಂದ 70 ವರ್ಷದವರಿಗೆ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಅವರ ಬ್ಯಾಂಕ್ ಖಾತೆಯಿಂದಲೇ ಕಟ್ಟಾಗುತ್ತೆ. ನಮ್ಮ ಹೊಣೆ ಅದರಿಂದ ತಪ್ಪಲ್ಲ, ಆದ್ರೆ ಆ ಮನೆಗೆ ಆಸರೆ ಆಗುತ್ತೆ. ನಾನು ನಾಲ್ಕು ಜನರನ್ನ ಬ್ಯಾಂಕಿಗೆ ಕರಕೊಂಡು ಹೋಗಿ ಮಾಡಿಸಿದೆ, ಅರ್ಧ ದಿನ ಹೋಯ್ತು ಅಷ್ಟೇ.

ಕನಿಷ್ಠ ಕೂಲಿಯ ಮೊತ್ತ ತುಟ್ಟಿಭತ್ಯೆ ಸೇರಿ ಏಪ್ರಿಲ್ 1ಕ್ಕೆ ಬದಲಾಗುತ್ತೆ. ಯುಗಾದಿ ಕಳೆದ ಮೇಲೆ ಒಂದು ಸಲ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ನಿಮ್ಮ ಊರಲ್ಲಿ ಹೆಣ್ಣಾಳಿಗೆ ಎಷ್ಟು, ಗಂಡಾಳಿಗೆ ಎಷ್ಟು ನಡೀತಾ ಇದೆ, ಮರೆಮಾಚದೆ ಕೆಳಗೆ ಬರೀರಿ. ಒಬ್ಬನೇ ಏರಿಸಿದ್ರೆ ರೇಟು ಕೆಡಿಸಿದ ಅಂತಾರೆ, ಹತ್ತು ಜನ ಕೂತು ಮಾತಾಡಿ ಏರಿಸಿದ್ರೆ ಅದೇ ಊರಿನ ರೇಟು.