ಮೀನಿನ ನೋಟ, ಮರಿಯ ಬಾಯಿ

ಗುರುವು ಶಿಷ್ಯನನ್ನು ಅನುಗ್ರಹಿಸುವ ಬಗೆಯನ್ನು ವಿವರಿಸುವಾಗ ಪ್ರಾಚೀನರು ಮೂರು ದೃಷ್ಟಾಂತಗಳನ್ನು ಕೊಡುವುದುಂಟು. ಹಕ್ಕಿಯು ರೆಕ್ಕೆಯ ಸ್ಪರ್ಶದಿಂದ, ಮೀನು ಬರಿಯ ನೋಟದಿಂದ, ಆಮೆಯು ದೂರದಲ್ಲಿದ್ದೇ ನೆನಹಿನಿಂದ ತಮ್ಮ ಮರಿಗಳನ್ನು ಪೋಷಿಸುವಂತೆ ಸ್ಪರ್ಶದೀಕ್ಷೆ, ದೃಗ್ದೀಕ್ಷೆ, ಮಾನಸದೀಕ್ಷೆಗಳು ಶಿಷ್ಯನನ್ನು ಬೆಳೆಸುತ್ತವೆಂಬುದು ಬಲ್ಲವರ ಮಾತು. ದೃಷ್ಟಾಂತವನ್ನು ಪ್ರಾಣಿಶಾಸ್ತ್ರದ ಒರೆಗಲ್ಲಿಗೆ ಹಚ್ಚುವುದು ಯುಕ್ತವಲ್ಲ, ನಿಜ. ಆದರೂ ಉತ್ತರ ಕರ್ನಾಟಕದ ಊರೊಂದರಲ್ಲಿ, ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಗಣಿತ ಹೇಳಿ ನಿವೃತ್ತರಾದ ಉಪಾಧ್ಯಾಯರೊಬ್ಬರು, ಗಾಜಿನ ತೊಟ್ಟಿಯೊಂದರ ಮುಂದೆ ಕುಳಿತು ಈ ಮೀನಿನ ನೋಟದ ಅರ್ಥವನ್ನು ಹೊಸದಾಗಿ ಕಲಿಯಬೇಕಾಯಿತು.

ಅವರ ತೊಟ್ಟಿಯಲ್ಲಿದ್ದುದು ಪೀಕಾಕ್ ಗಜನ್ ಎಂಬ ಸಿಹಿನೀರಿನ ಪುಟ್ಟ ಮೀನು. ಇದರ ತವರು ಪಪುವಾ ನ್ಯೂಗಿನಿಯ ಪೂರ್ವಭಾಗ. 1955ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ನಿಕೋಲ್ಸ್ ಅವರು ಇದಕ್ಕೆ ಟಟೂರ್ನ್‌ಡಿನಾ ಒಸೆಲಿಕಾಡ ಎಂದು ಶಾಸ್ತ್ರೀಯ ನಾಮಕರಣ ಮಾಡಿದರು. ಎರಡನೆಯ ಪದಕ್ಕೆ ಬಾಲದಲ್ಲಿ ಕಣ್ಣುಳ್ಳದ್ದು ಎಂದರ್ಥ. ಬಾಲದ ಬುಡದಲ್ಲಿ ಕಣ್ಣಿನಂತಹ ಕರಿಯ ಬೊಟ್ಟು, ನೀಲಿಛಾಯೆಯ ಮೈಮೇಲೆ ಕೆಂಪು ಗೀರುಗಳು, ಈಜುರೆಕ್ಕೆಗಳ ಅಂಚಿಗೆ ಹಳದಿಯ ಲೇಪ. ನವಿಲಿನ ಹೆಸರು ಇದಕ್ಕೆ ಸಲ್ಲತಕ್ಕದ್ದೇ. ಉದ್ದ ಸುಮಾರು ಮೂರು ಅಂಗುಲವನ್ನು ಮೀರದು. ಗೋಬಿ ಮೀನುಗಳಿಗೆ ಇದು ಹತ್ತಿರದ ಬಂಧು. ಗೋಬಿಗಳಲ್ಲಿ ಹೊಟ್ಟೆಯಡಿಯ ಜೋಡಿರೆಕ್ಕೆಗಳು ಸಾಮಾನ್ಯವಾಗಿ ಕೂಡಿ ಬಟ್ಟಲಿನಂತಾಗಿದ್ದರೆ, ಗಜನ್ ಮೀನುಗಳಲ್ಲಿ ಅವು ಬೇರೆಬೇರೆಯಾಗಿಯೇ ಇರುತ್ತವೆ. ಪ್ರಾಯದ ಗಂಡಿನ ಹಣೆ ಉಬ್ಬಿರುತ್ತದೆ. ಮೊಟ್ಟೆಗಟ್ಟಿದ ಹೆಣ್ಣಿನ ಹೊಟ್ಟೆ ಹಳದಿಯಾಗುತ್ತದೆ.

ಉಪಾಧ್ಯಾಯರು ಸಿದ್ಧತೆಯಲ್ಲಿ ಕೊರತೆ ಮಾಡಿದವರಲ್ಲ. ನಲ್ಲಿಯ ನೀರಿನ ಕ್ಲೋರಿನ್ ಹೋಗಲೆಂದು ಅದನ್ನು ತೆರೆದ ಪಾತ್ರೆಯಲ್ಲಿ ಕಾಯಿಸಿಟ್ಟರು. ಮೀನಿನ ಮಲದಿಂದ ಹುಟ್ಟುವ ಅಮೋನಿಯಾ ವಿಷವನ್ನು ಅಷ್ಟು ಕೆಡುಕಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ವಾರಗಳೇ ಬೇಕೆಂದು ತಿಳಿದು, ಒಂದು ತಿಂಗಳು ತಾಳಿದ ಮೇಲೆಯೇ ಮೀನುಗಳನ್ನು ಬಿಟ್ಟರು. ಪಾಚಿಯಂತಹ ಗಿಡಗಳನ್ನು ನೆಟ್ಟು, ನಲ್ಲಿಯ ಕೊಳವೆಯ ಗೇಣುದ್ದದ ತುಂಡೊಂದನ್ನು ಗುಹೆಯಾಗಲೆಂದು ಮಲಗಿಸಿದರು. ಸೊಳ್ಳೆಯ ಮರಿಹುಳುಗಳನ್ನು ತಿಂದು ಮೀನುಗಳು ಪುಷ್ಟವಾದವು.

ಒಂದು ಮುಂಜಾನೆ ಗಂಡು ಕೊಳವೆಯ ಬಾಯಲ್ಲಿ ನಿಂತು ಮೈ ಅಲುಗಿಸಿ ಹೆಣ್ಣನ್ನು ಕರೆಯಿತು. ಹೆಣ್ಣು ಒಳಹೊಕ್ಕು, ಕೊಳವೆಯ ಮೇಲ್ಚಾವಣಿಗೆ ಮೊಟ್ಟೆಗಳನ್ನು ಅಂಟಿಸಿ ಹೊರಟುಹೋಯಿತು. ಅಲ್ಲಿಂದ ಮುಂದಿನದೆಲ್ಲ ತಂದೆಯ ಕಾಯಕ. ಅದು ಕೊಳವೆಯೊಳಗೆ ನಿಂತು ಎದೆಯ ರೆಕ್ಕೆಗಳಿಂದ ಮೊಟ್ಟೆಗಳಿಗೆ ಎಡೆಬಿಡದೆ ಬೀಸುತ್ತಿತ್ತು. ಬೀಸುವುದರಿಂದ ಪ್ರಾಣವಾಯು ತುಂಬಿದ ಹೊಸ ನೀರು ಮೊಟ್ಟೆಗಳನ್ನು ತಾಕುತ್ತದೆ, ಕಸ ಕೂರುವುದಿಲ್ಲ. ಬೇರೆ ಮೀನು ಸಮೀಪಿಸಿದರೆ ಅಟ್ಟಿ ಬಂದು ಮತ್ತೆ ಬೀಸುತ್ತಿತ್ತು. ಇದನ್ನು ಕಂಡ ಉಪಾಧ್ಯಾಯರಿಗೆ ಮೀನಿನ ನೋಟದ ಮಾತು ನೆನಪಾಗಿ ಕಣ್ಣು ತೇವಗೊಂಡಿತಂತೆ. ಒಂಬತ್ತನೆಯ ದಿನ ಮೊಟ್ಟೆಗಳು ಒಡೆದು ಮರಿಗಳು ಹೊರಬಂದವು. ಈಜಾಡುವ ಮರಿಗಳನ್ನು ದೊಡ್ಡ ಮೀನುಗಳು ನುಂಗುವುದುಂಟು. ಹೆತ್ತವರೂ ಇದಕ್ಕೆ ಹೊರತಲ್ಲ. ಆದುದರಿಂದ ಅವರು ಮರಿಗಳನ್ನು ಚಿಕ್ಕ ತೊಟ್ಟಿಯೊಂದಕ್ಕೆ ಸಾಗಿಸಿದರು. ಕಾವಲುಗಾರನ ಕರ್ತವ್ಯಕ್ಕೂ ಒಂದು ಅವಧಿಯುಂಟು.

ಇನ್ನು ಆ ನೋಟದ ಹೊಣೆ ಉಪಾಧ್ಯಾಯರದಾಯಿತು. ಅವರು ಹೊತ್ತುಹೊತ್ತಿಗೆ ಒಣ ಆಹಾರವನ್ನು ಪುಡಿಮಾಡಿ ಹಾಕಿದರು, ಬೇಯಿಸಿದ ಮೊಟ್ಟೆಯ ಹಳದಿಯನ್ನು ಕದಡಿ ಬಿಟ್ಟರು, ರಾತ್ರಿಯೂ ಎದ್ದು ಬಂದು ನೋಡಿದರು. ಮೊದಲೆರಡು ದಿನ ಎಲ್ಲವೂ ಸರಿಯಾಗಿತ್ತು. ಮೂರನೆಯ ದಿನ ಮರಿಗಳು ತಳಕ್ಕಿಳಿಯತೊಡಗಿದವು. ಆರನೆಯ ದಿನ ಬೆಳಗಾಗುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ನಾಲ್ಕನೆಯ ತರಗತಿಯ ಮೊಮ್ಮಗಳು ಭೂತಗನ್ನಡಿ ಹಿಡಿದು ಸತ್ತ ಮರಿಗಳನ್ನು ನೋಡಿ ಹೇಳಿದಳು: “ಅಜ್ಜಾ, ಇವುಗಳ ಹೊಟ್ಟ್ಯಾಗ ಏನೂ ಇಲ್ಲ!”

ತೊಟ್ಟಿಯ ತುಂಬ ಆಹಾರ. ಹೊಟ್ಟೆಯಲ್ಲಿ ಏನೂ ಇಲ್ಲ. ಉಪಾಧ್ಯಾಯರು ಗ್ರಂಥಗಳನ್ನು ತೆರೆದು ನೋಡಿದರು. ಮರಿಯು ಮೊದಲ ಒಂದೆರಡು ದಿನ ತನ್ನ ಒಡಲಿನ ಹಳದಿಚೀಲದಿಂದಲೇ ಬದುಕುತ್ತದೆ. ಆ ಬುತ್ತಿ ತೀರಿದೊಡನೆ ತನ್ನ ಬಾಯಿಗೆ ಹಿಡಿಯುವಷ್ಟು ಕಿರಿದಾದ, ಅಲುಗಾಡುವ ಜೀವಂತ ಆಹಾರ ಅದಕ್ಕೆ ಬೇಕು. ಅವರು ಹಾಕಿದ ಪುಡಿ ಅಲುಗಾಡುತ್ತಿರಲಿಲ್ಲ, ಅದರ ಕಣಗಳು ಬಾಯಿಗಿಂತ ದೊಡ್ಡವಾಗಿದ್ದವು. ಉಳಿದದ್ದು ಕೊಳೆತು ನೀರನ್ನೂ ಕೆಡಿಸಿತ್ತು. ಮರಿಗಳು ಅನ್ನದ ನಡುವೆಯೇ ಹಸಿದು ಸತ್ತಿದ್ದವು.

ಆ ರಾತ್ರಿ ಉಪಾಧ್ಯಾಯರಿಗೆ ನಿದ್ರೆ ಬರಲಿಲ್ಲ. ಅದಕ್ಕೆ ಮೀನಿನ ಮರಿಗಳು ನೆಪ ಮಾತ್ರ. ಎಷ್ಟೋ ವರ್ಷಗಳ ಹಿಂದೆ ಹಳ್ಳಿಯಿಂದ ಬಂದು ಪ್ರಸಾದನಿಲಯದಲ್ಲಿದ್ದ ಹುಡುಗನೊಬ್ಬ ಅವರ ತರಗತಿಯ ಕಡೆಯ ಸಾಲಿನಲ್ಲಿ ಕುಳಿತಿರುತ್ತಿದ್ದ. ಅವನ ಮೇಲೆ ಅವರಿಗೆ ಅಕ್ಕರೆಯಿತ್ತು, ಕಣ್ಣೂ ಇತ್ತು. ಬೀಜಗಣಿತದ ಲೆಕ್ಕಗಳನ್ನು ಎಲ್ಲರಿಗಿಂತ ಹೆಚ್ಚಾಗಿ ಅವನಿಗೇ ಕೊಟ್ಟರು. ಆದರೆ ಅವನಿಗೆ ಭಿನ್ನರಾಶಿಯೇ ತಿಳಿದಿರಲಿಲ್ಲವೆಂಬುದನ್ನು ಕೇಳಿ ನೋಡಲಿಲ್ಲ. ಒಂದು ದಿನ ಬೇಸತ್ತು ದಡ್ಡನೆಂದರು. ದೀಪಾವಳಿಯ ರಜೆಗೆ ಊರಿಗೆ ಹೋದ ಹುಡುಗ ಮರಳಿ ಬರಲಿಲ್ಲ.

ಎರಡನೆಯ ಸಲ ಗಂಡುಮೀನು ಬೀಸತೊಡಗಿದ ದಿನವೇ ಅವರು ಗಾಜಿನ ಭರಣಿಯಲ್ಲಿ ಹಿಡಿ ಒಣಹುಲ್ಲು ನೆನೆಯಿಟ್ಟು, ಕೊಳದ ನೀರನ್ನು ಅದಕ್ಕೆ ಬೆರೆಸಿದರು. ಕೆಲವು ದಿನಗಳಲ್ಲಿ ಬರಿಗಣ್ಣಿಗೆ ಹೊಗೆಯಂತೆ ತೋರುವ ಸೂಕ್ಷ್ಮಜೀವಿಗಳು ಅದರಲ್ಲಿ ತುಂಬಿದವು. ಮರಿಗಳಿಗೆ ಮೊದಲ ಉಣಿಸು ಅದೇ. ಹನಿಹನಿಯಾಗಿ, ದಿನಕ್ಕೆ ನಾಲ್ಕಾರು ಬಾರಿ. ಅನಂತರ ಉಪ್ಪುನೀರಿನಲ್ಲಿ ಆರ್ಟೀಮಿಯಾ ಎಂಬ ಸೀಗಡಿಯ ತತ್ತಿಗಳನ್ನು ಗಾಳಿಯಾಡಿಸಿ ಇಟ್ಟು, ಒಂದೆರಡು ದಿನಗಳಲ್ಲಿ ಒಡೆದು ಬಂದ, ಅರ್ಧ ಮಿಲಿಮೀಟರಿನಷ್ಟೂ ಇಲ್ಲದ ಮರಿಸೀಗಡಿಗಳನ್ನು ಸಿಹಿನೀರಿನಲ್ಲಿ ತೊಳೆದು ಕೊಟ್ಟರು. ಅವನ್ನು ತಿಂದ ಮೀನುಮರಿಯ ಹೊಟ್ಟೆ ಕಿತ್ತಳೆಬಣ್ಣಕ್ಕೆ ತಿರುಗಿ, ಪಾರದರ್ಶಕವಾದ ಮೈಯೊಳಗಿನಿಂದ ಹೊಳೆಯುತ್ತದೆ. ಉಂಡವರಾರು, ಹಸಿದವರಾರು ಎಂಬುದು ನೋಡಿದರೆ ತಿಳಿಯುತ್ತದೆ. ಮೊಮ್ಮಗಳು ಪ್ರತಿದಿನವೂ ಭೂತಗನ್ನಡಿ ಹಿಡಿದು ಆ ಹೊಟ್ಟೆಗಳನ್ನು ಎಣಿಸುತ್ತಿದ್ದಳು. ಎರಡು ತಿಂಗಳು ಕಳೆದಾಗ ಮೂವತ್ತನಾಲ್ಕು ಮರಿಗಳು ಉಳಿದು, ಬಾಲದ ಬುಡದ ಬೊಟ್ಟು ಸ್ಪಷ್ಟವಾಗುತ್ತಿತ್ತು.

ದಾಸೋಹದ ಪಂಕ್ತಿಯಲ್ಲಿ ಹಸುಗೂಸಿಗೆ ಜೋಳದ ರೊಟ್ಟಿಯನ್ನು ಬಡಿಸುವವರಿಲ್ಲ. ಉಣ್ಣುವವರ ಬಾಯಿಯನ್ನು ಅರಿತು ನೀಡುವುದೇ ನೀಡಿಕೆಯ ಮೊದಲ ಪಾಠ. ಪ್ರಾಚೀನರು ಮೀನಿನ ನೋಟವೆಂದಾಗ ಬಹುಶಃ ಕಾವಲಿನ ನೋಟವನ್ನಷ್ಟೇ ಹೇಳಲಿಲ್ಲ. ಎದುರಿನ ಜೀವಕ್ಕೆ ಏನು ಬೇಕು, ಎಷ್ಟು ಬೇಕು ಎಂಬುದನ್ನು ಕಾಣುವ ನೋಟವನ್ನು ಹೇಳಿದರು.

ಉಪಾಧ್ಯಾಯರ ಮನೆಯ ಜಗಲಿಯಲ್ಲಿ ಈಗ ಸಂಜೆ ನೆರೆಹೊರೆಯ ಐದಾರು ಮಕ್ಕಳು ಲೆಕ್ಕ ಕಲಿಯಲು ಕೂರುತ್ತಾರೆ. ಹೊಸದಾಗಿ ಬಂದ ಮಗುವಿಗೆ ಅವರು ಲೆಕ್ಕ ಕೊಡುವುದಿಲ್ಲ. ಮೊದಲು ತೊಟ್ಟಿಯ ಬಳಿ ಕರೆದೊಯ್ದು ಮರಿಗಳನ್ನು ತೋರಿಸುತ್ತಾರೆ. ಆಮೇಲೆ, “ನಿನಗ ಎಲ್ಲೀತನಕ ಬರತದ, ಹೇಳಪಾ” ಎಂದು ಕೇಳುತ್ತಾರೆ.